ಎದೆ ಮೇಲೆ ನಾಯಿ, ಬೆನ್ನ ಮೇಲೆ ಯಾರು?

ಒಂದು ವಿಷಯ ಬಹಳ ದಿನದಿಂದ ತಲೆ ತಿಂತಾ ಇದೆ. ಬರೆದರೆ ಕೆಲವು ಗೆಳೆಯರಿಗೆ ಬೇಜಾರಾಗಬಹುದು, ಆದ್ರೂ ಬರೆದೇ ಬಿಡ್ತೀನಿ.

ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ದಾರೀಲಿ ಸುಮ್ಮನೆ ಹತ್ತು ನಿಮಿಷ ನಿಂತು ನೋಡಿ. ಬೈಕಿನಲ್ಲಿ ಬರೋ ಹುಡುಗರ ಎದೆ ಮೇಲೆ ಸನ್ ರೆಕಾರ್ಡ್ಸ್‌ನ ಹುಂಜ, ಬ್ಲೂ ನೋಟ್, ಇಲ್ಲಾ ಗ್ರಾಮಫೋನ್ ಕೊಳವೆ ಮುಂದೆ ಕಿವಿಗೊಟ್ಟು ಕೂತ ನಾಯಿ. ಹಳೇ ರೆಕಾರ್ಡ್ ಕಂಪನಿಗಳ ಟೀ ಶರ್ಟ್ ಈಗ ಭಾರೀ ಫ್ಯಾಷನ್ನು. ಹಾಕ್ಕೊಳ್ಳಲಿ, ನನ್ನದೇನೂ ತಕರಾರಿಲ್ಲ. ತಕರಾರು ಇರೋದು, ಹಾಗೆ ಹಾಕ್ಕೊಂಡ್ರೆ 'ಕಲಾವಿದರಿಗೆ ಗೌರವ' ಕೊಟ್ಟ ಹಾಗೆ ಅನ್ನೋ ಮಾತಿಗೆ.

ಲೇಬಲ್ ಅಂದ್ರೆ ಅಂಗಡಿ ಸ್ವಾಮಿ, ಅಂಗಡಿ. ಒಳ್ಳೇ ಅಂಗಡಿ ಇರಬಹುದು. ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್ ಸನ್ ಶುರು ಮಾಡದಿದ್ರೆ ಎಲ್ವಿಸ್ ದನಿ ನಮಗೆ ಕೇಳ್ತಾನೇ ಇರಲಿಲ್ಲವೇನೋ. ಅದೇ ಫಿಲಿಪ್ಸ್ 1955ರಲ್ಲಿ ಎಲ್ವಿಸ್ ಕಾಂಟ್ರ್ಯಾಕ್ಟನ್ನ 35 ಸಾವಿರ ಡಾಲರಿಗೆ ಆರ್‌ಸಿಎಗೆ ಮಾರಿದ. ವ್ಯಾಪಾರ ಅಂದ್ರೆ ಹಾಗೇ, ತಪ್ಪು ಅಂತಲ್ಲ. ಇನ್ನು ಆ ನಾಯಿ, ನಿಪ್ಪರ್. ಅದರ ಚಿತ್ರ ಬರೆದ ಫ್ರಾನ್ಸಿಸ್ ಬರಾಡ್‌ಗೆ ಗ್ರಾಮಫೋನ್ ಕಂಪನಿ 1899ರಲ್ಲಿ ಕೊಟ್ಟಿದ್ದು ಚಿತ್ರಕ್ಕೂ ಹಕ್ಕಿಗೂ ಸೇರಿ ನೂರು ಪೌಂಡು. ಚಿತ್ರದ ಹೆಸರೇ 'ಯಜಮಾನನ ದನಿ'. ಅದನ್ನ ಎದೆ ಮೇಲೆ ಹಾಕ್ಕೊಂಡು ನಾವು ಸ್ವತಂತ್ರ ಕಲಾವಿದರ ಅಭಿಮಾನಿಗಳು ಅನ್ನೋದು ತಮಾಷೆಯಾಗಿದೆ :)

ಅದೇ ಕಂಪನಿಗೆ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದವರು ಗೌಹರ್ ಜಾನ್. ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ತನ್ನ ಹೆಸರು ತಾನೇ ಹೇಳ್ತಾರೆ. ರೆಕಾರ್ಡ್ ಅಚ್ಚಾಗ್ತಾ ಇದ್ದಿದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯವರಿಗೆ ಇದು ಯಾರ ಹಾಡು ಅಂತ ತಿಳೀಲಿ ಅಂತ. ಆಕೆ ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲೇ, 1930ರ ಜನವರಿಯಲ್ಲಿ. ಮೈಸೂರಿನಲ್ಲಿ ನಾಯಿ ಟೀ ಶರ್ಟ್ ಹಾಕ್ಕೊಂಡು ಓಡಾಡೋ ಎಷ್ಟು ಜನಕ್ಕೆ ಇದು ಗೊತ್ತು?

ಈಗ ನಮ್ಮವರ ಕಥೆಗೆ ಬರ್ತೀನಿ. 'ನಾವೂ ಕನ್ನಡದ ಹಳೇ ಕ್ಯಾಸೆಟ್ ಕಂಪನಿಗಳ ಟೀ ಶರ್ಟ್ ಮಾಡೋಣ, ಸಂಗೀತಾ, ಲಹರಿ, ಸಖತ್ತಾಗಿರುತ್ತೆ' ಅಂತ ಗೆಳೆಯರು ಉತ್ಸಾಹದಲ್ಲಿದ್ದಾರೆ. ಅಪ್ಪನ ಕ್ಯಾಸೆಟ್ ಡಬ್ಬ ನೋಡ್ಕೊಂಡೇ ಬೆಳೆದವನು ನಾನು, ನನಗೂ ಆಸೆ ಇದೆ. 1978ರಲ್ಲಿ ಬಂದ 'ನಿತ್ಯೋತ್ಸವ' ಕ್ಯಾಸೆಟ್ಟು, 1987ರ 'ಪ್ರೇಮಲೋಕ' ಇವೆಲ್ಲ ನಮ್ಮಂಥ ಮನೆಗಳ ಚರಿತ್ರೆ. ನಿತ್ಯೋತ್ಸವಕ್ಕೆ ರಾಗ ಹಾಕಿದ ಮೈಸೂರು ಅನಂತಸ್ವಾಮಿ, ಬರೆದ ನಿಸಾರ್ ಅಹಮದ್ (ನಮ್ಮ ಪಕ್ಕದ ದೇವನಹಳ್ಳಿಯವರು!) ಇಬ್ಬರ ಹೆಸರೂ ಗೊತ್ತು. ತಬಲ ನುಡಿಸಿದವರು? ಕೊಳಲು? ಟೀ ಶರ್ಟ್ ಮಾಡೋದಾದ್ರೆ ಮುಂದೆ ಲೋಗೋ ಇರಲಿ, ಬೆನ್ನ ಮೇಲೆ ಈ ಹೆಸರುಗಳಿರಲಿ. ಇಷ್ಟು ಹೇಳಿದ್ದಕ್ಕೆ 'ಡಿಸೈನ್ ಕೆಟ್ಟು ಹೋಗುತ್ತೆ ಮಗಾ' ಅಂದ್ರು. ನಮ್ಮ ಅಭಿಮಾನ ಅಷ್ಟೇ ಸಪೂರ.

ನಿಜವಾಗಿ ನನಗೆ ಉರಿದಿದ್ದು ಬೇರೆ ಕಡೆ. ಬೆಂಗಳೂರಿನ ಒಂದು ಮಳಿಗೆಯಲ್ಲಿ ತಮಟೆ ಬಡಿಯೋ ಒಬ್ಬರ ಚಿತ್ರ ಇರೋ ಟೀ ಶರ್ಟ್ ನೋಡಿದೆ, 799 ರೂಪಾಯಿ. ಫೋಟೋ ನೋಡಿ ತಿದ್ದಿದ ಚಿತ್ರ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಮುಖದ ಸುಕ್ಕು, ತಲೆಗೆ ಸುತ್ತಿದ ಟವೆಲ್ಲು ಎಲ್ಲಾ ಇದೆ. ಹೆಸರು ಮಾತ್ರ ಇಲ್ಲ. ಇವರು ಯಾರು ಅಂತ ಕೇಳಿದೆ. 'ಫೋಕ್ ಆರ್ಟಿಸ್ಟ್ ಸರ್' ಅಂದ ಹುಡುಗ.

ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ತಮಟೆಗೇ. ಸ್ವತಂತ್ರ ಕಲಾವಿದರು ಅಂದ್ರೆ ಇವರಲ್ಲವಾ? ಲೇಬಲ್ ಇಲ್ಲ, ಮ್ಯಾನೇಜರ್ ಇಲ್ಲ. ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡ್ಕೊಂಡು ರಾತ್ರಿಯೆಲ್ಲಾ ಬಡಿಯೋ ಕಲೆ ಅದು. ಸಾವಿಗೂ ಜಾತ್ರೆಗೂ ತಮಟೆ ಬೇಕು, ಬಡಿಯೋರನ್ನ ಮಾತ್ರ ದೂರ ನಿಲ್ಲಿಸಿದ ಊರುಗಳು ನಮ್ಮವು. ಈಗ ಅದೇ ತಮಟೆ ಮಾಲ್‌ನಲ್ಲಿ 'ಕೂಲ್' ಆಗಿದೆ, ಬಡಿದವರಿಗೆ ಇನ್ನೂ ಹೆಸರಿಲ್ಲ.

ನೋಡಿ, ನಾಯಿ ಚಿತ್ರ ಕೇಳದೇ ಅಚ್ಚು ಹಾಕಿದ್ರೆ ಕಂಪನಿಯ ವಕೀಲರ ನೋಟಿಸು ಬರುತ್ತೆ. ತಮಟೆಯವರ ಮುಖ ಹಾಕಿದ್ರೆ ಯಾರೂ ಬರಲ್ಲ. ಅಂಗಡಿಯವರು ಜಾನಪದದ ಮೇಲೆ ಪ್ರೀತಿ ಅನ್ನೋದರ ಹಿಂದೆ ಈ ಧೈರ್ಯವೂ ಇದೆ. ಕಾಪಿರೈಟ್ ಕಾಯ್ದೆಗೆ 1994ರಲ್ಲಿ ಪ್ರದರ್ಶಕರ ಹಕ್ಕು ಸೇರಿದೆ, 2012ರಲ್ಲಿ ರಾಯಲ್ಟಿ ಮಾತೂ ಬಂತು. ಆದರೆ ಅದು ದನಿ ಮತ್ತು ವಿಡಿಯೋಗೆ. ಬಟ್ಟೆ ಮೇಲಿನ ಚಿತ್ರಕ್ಕೆ ಅದರಿಂದ ನೆರವಿಲ್ಲ.

'ಜಾನಪದ ಎಲ್ಲರದೂ, ಯಾರಿಗೆ ಅಂತ ದುಡ್ಡು ಕೊಡೋದು?' ಅಂತ ಕೇಳ್ತಾರೆ. ತಮಟೆಯ ಗತ್ತು ಎಲ್ಲರದೂ ಹೌದು. ಮುಖ ಎಲ್ಲರದಲ್ಲ. ನಾವು ಕೋಡ್ ಬರೆಯೋರು ದಿನಾ ಎಂಐಟಿ ಲೈಸೆನ್ಸಿನ ತಂತ್ರಾಂಶ ಬಳಸ್ತೀವಿ. ಬಿಟ್ಟಿ ಕೊಟ್ಟವನೂ ಕೇಳೋದು ಒಂದೇ, ನನ್ನ ಹೆಸರಿನ ಸಾಲು ಅಳಿಸಬೇಡಿ ಅಂತ. ಆಫೀಸಿನಲ್ಲಿ ಅದನ್ನ ಅಚ್ಚುಕಟ್ಟಾಗಿ ಪಾಲಿಸ್ತೀವಿ, ಇಲ್ಲಾಂದ್ರೆ ಲೀಗಲ್‌ನವರು ಬಿಡಲ್ಲ. ಇನ್ನೊಂದು ವಾದ, 'ಅವರಿಗೆ ಪ್ರಚಾರ ಸಿಗುತ್ತಲ್ಲ'. ಹೆಸರಿಲ್ಲದ ಪ್ರಚಾರ ಯಾರಿಗೆ ಸ್ವಾಮಿ?

ಸರಿಯಾಗಿ ಮಾಡೋ ದಾರಿ ಇಲ್ಲವೇ ಅಂದ್ರೆ, ಇದೆ. 2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪಿನಲ್ಲಿ ಕಲಾವಿದರೇ ತಮ್ಮ ಟೀ ಶರ್ಟ್ ಮಾರ್ತಾರೆ, ಸೈಟಿನವರು ತಮ್ಮ ಪಾಲು ಅಂತ ನೂರಕ್ಕೆ ಹತ್ತು ಹಿಡೀತಾರೆ. ಸಂಗೀತದಿಂದ ಬರದ ದುಡ್ಡು ಎಷ್ಟೋ ತಂಡಗಳಿಗೆ ಬಟ್ಟೆಯಿಂದ ಬರುತ್ತೆ. ಶಿಡ್ಲಘಟ್ಟದ ತಂಡಕ್ಕೆ ಯಾಕೆ ಬರಬಾರದು?

(ಆ ಶರ್ಟ್ ಹೊಲಿದವರ ಮಾತು ಎತ್ತಿದ್ರೆ ಇನ್ನೊಂದು ಬರಹವೇ ಬೇಕು. ಗೌರಿಬಿದನೂರು ಕಡೆ ಬೆಳಿಗ್ಗೆ ಗಾರ್ಮೆಂಟ್ಸ್ ಗಾಡಿ ಹತ್ತೋ ಹೆಣ್ಣುಮಕ್ಕಳನ್ನ ಕೇಳಿ, ಅವರೇ ಹೇಳ್ತಾರೆ.)

ಲೆಕ್ಕ ಹೀಗೆ ಇಟ್ಕೊಳ್ಳಿ. ನೂರು ಶರ್ಟು, ಒಂದಕ್ಕೆ 500. ಅದರಲ್ಲಿ 100 ನೇರ ತಂಡಕ್ಕೆ, ಅಚ್ಚಾಗೋ ಮುಂಚೆಯೇ. ಹತ್ತು ಸಾವಿರ ಆಯ್ತು. ಮುಂದೆ ತಮಟೆ, ಹಿಂದೆ ತಂಡದ ಎಲ್ಲರ ಹೆಸರು, ಕನ್ನಡದಲ್ಲಿ, ಕಾಗುಣಿತ ತಪ್ಪಿಲ್ಲದೆ. ಅವರು ಒಲ್ಲೆ ಅಂದ್ರೆ ಶರ್ಟೇ ಇಲ್ಲ, ಅಷ್ಟೇ. ಮುಂದಿನ ಶನಿವಾರ ಊರಿಗೆ ಹೋಗ್ತಾ ಇದೀನಿ, ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬಸ್ಸಿಗೇನು ಬರವಿಲ್ಲ. ತಂಡದವರನ್ನ ಕೇಳೋದು ನನ್ನ ಕೆಲಸ. ಡಿಸೈನ್ ಬಲ್ಲವರು ಯಾರಾದ್ರೂ ಜೊತೆಗೆ ಬರ್ತೀರಾ? ನನ್ನ ಸೈಜು ಎಕ್ಸ್‌ಎಲ್, ಈಗಲೇ ಬರ್ಕೊಳ್ಳಿ.