ಮರಕುಂಬಿಯ ಕಥೆಗೆ ಕ್ಯಾಮೆರಾ ಹಿಡಿಯುವವರು ಯಾರು?

ಶಾಲೆಯ ಕೋಣೆಯಲ್ಲಿ ಎಲ್ಲರಿಂದ ದೂರ ಕೂರಿಸಲಾದ ಬಾಲಕ ಭೀಮರಾವ್ ಅಂಬೇಡ್ಕರ್, ಬರಿಮೈಯಲ್ಲಿ ಮಲದ ಗುಂಡಿಗೆ ಇಳಿಯುವ ಕಾರ್ಮಿಕ. ಈ ಎರಡೂ ದೃಶ್ಯಗಳು 2023ರ ವೆನಿಸ್ ಚಿತ್ರೋತ್ಸವದ ಪರದೆಯ ಮೇಲೆ ಮೂಡಿದವು. ಅವನ್ನು ತೆಗೆದವರು ಭಾರತೀಯರಲ್ಲ, ಅಮೆರಿಕದ ಕಪ್ಪು ಮಹಿಳೆ ಏವಾ ಡುವೆರ್ನೆ. ಚಿತ್ರದ ಹೆಸರು ‘ಒರಿಜಿನ್’. ಇಸಬೆಲ್ ವಿಲ್ಕರ್ಸನ್ ಜಾತಿಯ ಬಗ್ಗೆ 2020ರಲ್ಲಿ ಬರೆದ ‘ಕಾಸ್ಟ್’ ಪುಸ್ತಕ ಅದಕ್ಕೆ ಆಧಾರ. ಅಮೆರಿಕ, ಜರ್ಮನಿಗಳ ಜೊತೆಗೆ ದಿಲ್ಲಿಯಲ್ಲೂ ಚಿತ್ರೀಕರಣ ನಡೆಯಿತು. ವೆನಿಸ್‌ನ ಮುಖ್ಯ ಸ್ಪರ್ಧೆಗೆ ಆಫ್ರಿಕನ್ ಅಮೆರಿಕನ್ ಮಹಿಳೆಯೊಬ್ಬರ ಚಿತ್ರ ಆಯ್ಕೆಯಾದದ್ದು ಅದೇ ಮೊದಲು.

ಡುವೆರ್ನೆ ಸಿನಿಮಾ ಶಾಲೆಯಲ್ಲಿ ಕಲಿತವರಲ್ಲ. 1972ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಹುಟ್ಟಿ, ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ಆಫ್ರಿಕನ್ ಅಮೆರಿಕನ್ ಅಧ್ಯಯನ ಓದಿದರು. ಬೇರೆಯವರ ಸಿನಿಮಾಗಳಿಗೆ ಪ್ರಚಾರ ಮಾಡಿಕೊಡುವುದು ಅವರ ಕಸುಬಾಗಿತ್ತು. 1999ರಲ್ಲಿ ಅದಕ್ಕೆಂದೇ ಸ್ವಂತ ಕಂಪನಿ ತೆರೆದರು. ಕ್ಯಾಮೆರಾ ಮುಟ್ಟಿದ್ದು 32ರ ವಯಸ್ಸಿನಲ್ಲಿ. ಮೊದಲ ಕಥಾಚಿತ್ರ ‘ಐ ವಿಲ್ ಫಾಲೋ’ಗೆ ಹಾಕಿದ ಬಂಡವಾಳ 50 ಸಾವಿರ ಡಾಲರ್. ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಊಟದ ಖರ್ಚಿಗೂ ಸಾಲದು. 2012ರಲ್ಲಿ ‘ಮಿಡಲ್ ಆಫ್ ನೋವೇರ್’ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅವರಿಗೆ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ತಂದಿತು. 2014ರಲ್ಲಿ ಕಪ್ಪು ಜನರ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಕುರಿತ ‘ಸೆಲ್ಮಾ’ ಬಂತು. ಕಿಂಗ್ ಭಾಷಣಗಳ ಹಕ್ಕು ಬೇರೊಂದು ಸಂಸ್ಥೆಯ ಕೈಯಲ್ಲಿತ್ತು. ಆ ಮಾತುಗಳನ್ನು ಬಳಸುವಂತಿರಲಿಲ್ಲ. ಹಾಗಾಗಿ ಕಿಂಗ್ ಆಡಬಹುದಾದ ಮಾತುಗಳನ್ನು ಡುವೆರ್ನೆ ತಾವೇ ಕೂತು ಹೊಸದಾಗಿ ಬರೆದರು. 2016ರ ‘ಥರ್ಟೀನ್ತ್’ ಸಾಕ್ಷ್ಯಚಿತ್ರ, ಗುಲಾಮಗಿರಿ ಹೋದ ಮೇಲೂ ಕಪ್ಪು ಜನರನ್ನು ಜೈಲುಗಳು ಹೇಗೆ ತುಂಬಿಕೊಂಡವು ಎಂಬುದನ್ನು ಬಿಡಿಸಿ ಹೇಳಿತು.

ಅವರ ಬಗ್ಗೆ ಬರೆಯುವವರು ಪ್ರಶಸ್ತಿಗಳಲ್ಲೇ ನಿಂತುಬಿಡುತ್ತಾರೆ. ಅದಕ್ಕಿಂತ ದೊಡ್ಡ ಕೆಲಸವೊಂದಿದೆ. ಕಪ್ಪು ನಿರ್ದೇಶಕರ ಸಿನಿಮಾಗಳನ್ನು ಕೊಳ್ಳುವ ವಿತರಕರು ವಿರಳವಾಗಿದ್ದರು. 2010ರಲ್ಲಿ ಡುವೆರ್ನೆ, ಊರೂರಿನ ಕಪ್ಪು ಚಿತ್ರೋತ್ಸವಗಳ ಸಂಘಟಕರನ್ನು ಸೇರಿಸಿಕೊಂಡು ತಮ್ಮದೇ ವಿತರಣಾ ಸಂಸ್ಥೆ ಕಟ್ಟಿದರು. ಅದೇ ಇಂದಿನ ‘ಅರೇ’. ಮುಂದೆ ‘ಕ್ವೀನ್ ಶುಗರ್’ ಧಾರಾವಾಹಿ ರೂಪಿಸಿದಾಗ ಏಳೂ ಸೀಸನ್‌ಗಳ ಪ್ರತಿ ಕಂತನ್ನೂ ಮಹಿಳೆಯರಿಂದಲೇ ನಿರ್ದೇಶನ ಮಾಡಿಸಿದರು. ಆ ಕಾಲಕ್ಕೆ ಟಿ.ವಿ. ನಿರ್ದೇಶನದ ಅವಕಾಶವನ್ನೇ ಕಾಣದಿದ್ದ ಹಲವರು ಅಲ್ಲಿಂದ ದಾರಿ ಹಿಡಿದರು.

ಕೊಪ್ಪಳ ಜಿಲ್ಲೆಯ ಓದುಗರಿಗೆ ಇದನ್ನೆಲ್ಲ ಏಕೆ ಹೇಳಬೇಕು? ಡುವೆರ್ನೆ ಕಡಲು ದಾಟಿ ಬಂದು ಹುಡುಕಿದ ಕಥೆ ಈ ಜಿಲ್ಲೆಯ ಓಣಿಗಳಲ್ಲೇ ಇದೆ. 2014ರ ಆಗಸ್ಟ್‌ನಲ್ಲಿ ಗಂಗಾವತಿಯ ಚಿತ್ರಮಂದಿರವೊಂದರಲ್ಲಿ ಟಿಕೆಟ್ ವಿಚಾರಕ್ಕೆ ಗಲಾಟೆಯಾಯಿತು. ಅದರ ಬೆನ್ನಿಗೇ ಮರಕುಂಬಿ ಗ್ರಾಮದಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶವಿಲ್ಲದ ಹಳೆಯ ಸಿಟ್ಟು ಒಳಗೇ ಕುದಿಯುತ್ತಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಹೈಕೋರ್ಟ್‌ನ ಧಾರವಾಡ ಪೀಠಕ್ಕೆ ಹೋಗಿ ಬಹುತೇಕರಿಗೆ ಜಾಮೀನು ಸಿಕ್ಕಿತು.

ಮರಕುಂಬಿ ಒಂದೇ ಅಲ್ಲ. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಹುಟ್ಟುಹಬ್ಬದ ದಿನ ದಲಿತರ ಮಗುವೊಂದು ಹನುಮಂತನ ಗುಡಿಯೊಳಗೆ ಓಡಿತೆಂದು ಮನೆಯವರಿಗೆ ದಂಡ ಹಾಕಲಾಯಿತು. ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ 2024ರಲ್ಲಿ ಕ್ಷೌರದಂಗಡಿಯ ಜಗಳದಲ್ಲಿ ದಲಿತ ಯುವಕನ ಜೀವವೇ ಹೋಯಿತು.

ಮರಕುಂಬಿಯ ಕಿಚ್ಚು ಹೊತ್ತಿದ್ದು ಚಿತ್ರಮಂದಿರದ ಜಗಳದಿಂದ. ಅಲ್ಲಿನ ದಲಿತ ಕೇರಿಯ ಹುಡುಗರ ಬದುಕು ಸಿನಿಮಾ ಪರದೆಯ ಮೇಲೆ ಅವರವರ ಮಾತಿನಲ್ಲೇ ಬರಬೇಕು. ಅದನ್ನು ಆ ಕೇರಿಯ ಹೆಣ್ಣುಮಗಳೊಬ್ಬಳು ನಿರ್ದೇಶಿಸಬೇಕು.

ಇದು ಆಗದ ಮಾತೇನಲ್ಲ. ತೊಗಲುಗೊಂಬೆಯ ಪರದೆ, ಅದರ ಹಿಂದಿನ ದೀಪ, ಕುಣಿಯುವ ನೆರಳು ಈ ಮಣ್ಣಿಗೆ ಸಿನಿಮಾಕ್ಕಿಂತ ಮುಂಚೆಯೇ ಗೊತ್ತಿದ್ದವು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, 96ರ ವಯಸ್ಸಿನಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಗಳ ಜೊತೆ ಅವರು ವಿದೇಶಗಳನ್ನೂ ಸುತ್ತಿ ಬಂದಿದ್ದಾರೆ. ಗೊಂಬೆ ಕುಣಿಸುವುದು, ದನಿ ಕೊಡುವುದು, ಯಾವ ಪಾತ್ರ ಯಾವಾಗ ಬೆಳಕಿಗೆ ಬರಬೇಕೆಂದು ತೀರ್ಮಾನಿಸುವುದು, ಇದೆಲ್ಲ ನಿರ್ದೇಶನವಲ್ಲದೆ ಇನ್ನೇನು? ಅಂಚಿನ ಸಮುದಾಯದ ಹೆಣ್ಣು ಕಥೆಯ ಸೂತ್ರ ಹಿಡಿದದ್ದಕ್ಕೆ ಜಿಲ್ಲೆಯಲ್ಲೇ ಸಾಕ್ಷಿಯಿದೆ.

ಕನ್ನಡ ಸಿನಿಮಾದಲ್ಲಿ ನಿರ್ದೇಶಕಿಯರ ದಾರಿಗೆ ಪ್ರೇಮಾ ಕಾರಂತರ ‘ಫಣಿಯಮ್ಮ’ ಒಂದು ಮೈಲಿಗಲ್ಲು. ಕವಿತಾ ಲಂಕೇಶ್, ಸುಮನಾ ಕಿತ್ತೂರು, ಚಂಪಾ ಶೆಟ್ಟಿ, ರೂಪಾ ರಾವ್ ಆ ದಾರಿಯಲ್ಲಿ ನಡೆದರು. ಕನ್ನಡದಾಚೆ, ದಲಿತ ಮಹಿಳೆ ಜ್ಯೋತಿ ನಿಶಾ ಅವರು ಅಂಬೇಡ್ಕರ್ ಕುರಿತು ಸಾಕ್ಷ್ಯಚಿತ್ರ ಮಾಡಿದ್ದು ಜನರಿಂದ ಹಣ ಸಂಗ್ರಹಿಸಿ. ಒಬ್ಬೊಬ್ಬರೂ ತಮ್ಮ ಛಲದಿಂದಲೇ ಬಂದವರು. ಆದರೆ ಕುಷ್ಟಗಿಯ ಸರ್ಕಾರಿ ಕಾಲೇಜಿನ ಹುಡುಗಿಗೆ ಬರೀ ಛಲವಿದ್ದರೆ ಸಾಲದು. ಅವಳು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದು, ವರ್ಷಗಟ್ಟಲೆ ಸಂಬಳವಿಲ್ಲದೆ ಸಹಾಯಕಿಯಾಗಿ ದುಡಿಯಲು ಅವಳ ಮನೆಯ ಪರಿಸ್ಥಿತಿ ಬಿಡುವುದಿಲ್ಲ.

ರಾಜ್ಯ ಸರ್ಕಾರ 2025ರ ಬಜೆಟ್‌ನಲ್ಲಿ ಕನ್ನಡ ಸಿನಿಮಾಗಳಿಗೆ ತನ್ನದೇ ಒಟಿಟಿ ವೇದಿಕೆ ಘೋಷಿಸಿತು. ಅದರಲ್ಲಿ ದಲಿತ, ಆದಿವಾಸಿ, ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳ ಚಿತ್ರಗಳಿಗೆ ಖಚಿತ ಜಾಗ, ಖಚಿತ ಖರೀದಿ ದರ ಇರಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡಗಳಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಕ್ಯಾಮೆರಾ, ಎಡಿಟಿಂಗ್ ಕಲಿಸುವ ವಿದ್ಯಾರ್ಥಿವೇತನಕ್ಕೆ ತೆಗೆದಿಡಲಿ. ತಳಕಲ್‌ನ ಕೊಪ್ಪಳ ವಿಶ್ವವಿದ್ಯಾಲಯದಲ್ಲಿ ಚಲನಚಿತ್ರ ಅಧ್ಯಯನ ಆರಂಭವಾಗಲಿ. ಮೊದಲ ವರ್ಷದ ಮಕ್ಕಳು ಅಲ್ಲಿ ಮೊದಲು ನೋಡುವ ಚಿತ್ರಗಳಲ್ಲಿ ‘ಒರಿಜಿನ್’ ಕನ್ನಡದ ಅಡಿಬರಹದೊಂದಿಗೆ ಇರಲಿ.