ಸೂಜಿ ಹಿಡಿದ ಕೈ ಎಲ್ಲಿ?

ಉದ್ದೀಪನ ಮದ್ದು ತಗೊಂಡು ಸಿಕ್ಕಿಬಿದ್ದ ಕ್ರೀಡಾಪಟುವಿನ ಫೋಟೊ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಮದ್ದಿನ ಹೆಸರು, ನಿಷೇಧದ ವರ್ಷಗಳ ಲೆಕ್ಕ, ಎಲ್ಲವೂ ಬರುತ್ತದೆ. ಆ ಮದ್ದನ್ನು ತಂದವರು, ಮಾರಿದವರು, ಚುಚ್ಚಿದವರು ಯಾರೆಂಬುದು ಮಾತ್ರ ಬರುವುದಿಲ್ಲ. ನನ್ನ ತಕರಾರು ಇದೇ. ನಿಷೇಧ ಬೇಡ ಎಂದು ನಾನು ಹೇಳುತ್ತಿಲ್ಲ. ಮದ್ದು ಮುಟ್ಟದೆ ಓಡಿ ನಾಲ್ಕನೆಯವಳಾದ ಹುಡುಗಿಯೊಬ್ಬಳು ಇರುತ್ತಾಳಲ್ಲ, ಅವಳ ಪರವಾಗಿ ನಿಷೇಧ ಇರಲೇಬೇಕು. ಆದರೆ ಓಡಿದ ಕಾಲಿಗಷ್ಟೇ ಶಿಕ್ಷೆಯಾಗಿ, ಸೂಜಿ ಹಿಡಿದ ಕೈ ಮುಂದಿನ ತೋಳು ಹುಡುಕಿಕೊಂಡು ಹೋಗುವುದಾದರೆ ಅದು ಅರ್ಧ ನ್ಯಾಯ.

ಈ ಪಾಠವನ್ನು ಜಗತ್ತಿಗೆ ಕಲಿಸಿದ್ದು ಸೈಕಲ್ ರೇಸು. 1998ರ ಟೂರ್ ಡಿ ಫ್ರಾನ್ಸ್ ಶುರುವಾಗುವ ಕೆಲವೇ ದಿನ ಮೊದಲು ಫ್ರಾನ್ಸಿನ ಗಡಿಯಲ್ಲಿ ಕಸ್ಟಮ್ಸ್‌ನವರು ಒಂದು ಕಾರು ತಡೆದರು. ಅದು ಫೆಸ್ಟಿನಾ ತಂಡದ ಮಾಲೀಸು ಮಾಡುವವನ ಕಾರು. ಒಳಗೆ ಇಪಿಒ ಮತ್ತಿತರ ಮದ್ದುಗಳ ರಾಶಿಯೇ ಇತ್ತು. ತಂಡದ ನಿರ್ದೇಶಕ, ವೈದ್ಯ ಇಬ್ಬರೂ ಪೊಲೀಸರ ವಶವಾದರು. ಮೂತ್ರದ ಬಾಟಲಿ ತೋರಿಸದೆ ಇದ್ದುದನ್ನು ಕಾರಿನ ಡಿಕ್ಕಿ ತೋರಿಸಿತ್ತು. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕಥೆಯೂ ಹೀಗೆಯೇ. 1999ರಿಂದ 2005ರವರೆಗಿನ ಅವನ ಏಳು ಟೂರ್ ಪ್ರಶಸ್ತಿಗಳು 2012ರಲ್ಲಿ ಹೋದದ್ದು ಮುಖ್ಯವಾಗಿ ಜೊತೆಗಾರ ಸವಾರರೇ ಬಾಯಿಬಿಟ್ಟದ್ದರಿಂದ. ಅಲ್ಲಿಯ ತನಿಖೆ ಸವಾರನ ಬಳಿ ನಿಲ್ಲಲಿಲ್ಲ. ವೈದ್ಯ ಮಿಕೆಲೆ ಫೆರಾರಿಗೂ ಆಜೀವ ನಿಷೇಧವಾಯಿತು. ತಂಡದ ನಿರ್ದೇಶಕ ಯೋಹಾನ್ ಬ್ರೂನೀಲ್‌ಗೆ ಮೊದಲು ಹತ್ತು ವರ್ಷ, ಆಮೇಲೆ ಆಜೀವ ನಿಷೇಧ ಬಿತ್ತು.

ಈಗ ನಮ್ಮ ಮನೆಯ ಕಥೆ ನೋಡಿ. ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಅಶ್ವಿನಿ ಅಕ್ಕುಂಜೆ 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ ಚಿನ್ನ ಗೆದ್ದರು. ಮರುತಿಂಗಳೇ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಎರಡರಲ್ಲೂ ಚಿನ್ನ. ಇಡೀ ಕರ್ನಾಟಕ ಮೆರೆಸಿತು. 2011ರಲ್ಲಿ ಅವರೂ ರಾಷ್ಟ್ರೀಯ ಶಿಬಿರದ ಇನ್ನೂ ಹಲವು ಓಟಗಾರ್ತಿಯರೂ ಸ್ಟಿರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಕೊಟ್ಟ ಜಿನ್‌ಸೆಂಗ್ ಮಾತ್ರೆಯಲ್ಲಿ ಅದು ಬೆರೆತಿತ್ತು ಎಂಬುದು ಅವರ ವಾದ. ನಮ್ಮ ಶಿಸ್ತು ಸಮಿತಿ ಆ ವಾದಕ್ಕೆ ಬೆಲೆ ಕೊಟ್ಟು ಒಂದು ವರ್ಷದ ನಿಷೇಧ ಹಾಕಿತು. 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ದೇಹದೊಳಗೆ ಏನಿದೆಯೋ ಅದಕ್ಕೆ ಕ್ರೀಡಾಪಟುವೇ ಹೊಣೆ ಎಂಬುದು ನಿಯಮ. ಇರಲಿ, ಒಪ್ಪೋಣ. ಕೋಚ್‌ಗೆ ಏನಾಯಿತು? ಕೆಲಸದಿಂದ ತೆಗೆದರು. ಕೆಲ ವರ್ಷಗಳಲ್ಲೇ ಅವರು ಭಾರತದ ಓಟಗಾರ್ತಿಯರಿಗೆ ತರಬೇತಿ ಕೊಡಲು ಮರಳಿ ಬಂದರು. ಓಟಗಾರ್ತಿಯರ ಹೆಸರಿಗೆ ಹತ್ತಿದ ಮಸಿ ಮಾತ್ರ ಇನ್ನೂ ಹೋಗಿಲ್ಲ.

ಇದನ್ನೆಲ್ಲ ಬಳ್ಳಾರಿಯಲ್ಲಿ ಕುಳಿತು ಯಾಕೆ ಹೇಳುತ್ತಿದ್ದೇನೆ? ನಾನು ಕುರುಗೋಡಿನವನು, ಬಳ್ಳಾರಿಯಲ್ಲಿ ಪಿಯು ಹುಡುಗರಿಗೆ ಪಾಠ ಹೇಳುವವನು. ಕುರುಗೋಡಿನ ಗುಡ್ಡದ ಬುಡದಲ್ಲಿ, ಸಿರುಗುಪ್ಪ ರಸ್ತೆಯ ಅಂಚಿನಲ್ಲಿ ಬೆಳಗಿನ ಜಾವ ಓಡುವ ಹುಡುಗರನ್ನು ದಿನಾ ನೋಡುತ್ತೇನೆ. ಒಲಿಂಪಿಕ್ಸ್ ಅವರ ಕನಸಲ್ಲ. ಅಗ್ನಿವೀರ ರ್‍ಯಾಲಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ಭತ್ತದ ಗದ್ದೆಯ ಕೂಲಿಗೂ ಸರ್ಕಾರಿ ಸಂಬಳಕ್ಕೂ ನಡುವೆ ಇರುವುದು ಕೆಲವೇ ಸೆಕೆಂಡು. ಆ ಸೆಕೆಂಡುಗಳನ್ನು ಮಾರುವವರು ಇದ್ದೇ ಇರುತ್ತಾರೆ. ಸಿರುಗುಪ್ಪ ಕಡೆಯ ಹುಡುಗನೊಬ್ಬ ನನ್ನನ್ನು ಕೇಳಿದ್ದ: "ಎಲ್ಲಾರೂ ತಗಂತಾರೆ ಸಾರ್, ನಾನೊಬ್ಬ ಬಿಟ್ರೆ ನೌಕ್ರಿ ಯಾರ್ ಕೊಡ್ತಾರೆ?"

ನಮ್ಮ ಜಿಲ್ಲೆಯಲ್ಲೇ, ತೋರಣಗಲ್ಲು ಪಕ್ಕದ ವಿಜಯನಗರದಲ್ಲಿ, 2018ರಿಂದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. ಅಲ್ಲಿಗೆ ಆಯ್ಕೆಯಾದವರಿಗೆ ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಹೇಳಲು ತಜ್ಞರಿದ್ದಾರೆ. ಸಿರುಗುಪ್ಪದ ಹುಡುಗನಿಗೆ ಸಲಹೆ ಕೊಡುವವರು ಜಿಮ್ಮಿನ ಅಣ್ಣ ಮತ್ತು ಮೆಡಿಕಲ್ ಶಾಪು. ಅರಿವಳಿಕೆ ಕೊಟ್ಟಾಗ ಇಳಿಯುವ ರಕ್ತದೊತ್ತಡವನ್ನು ಏರಿಸಲು ಇರುವ ಮೆಫೆಂಟರ್ಮಿನ್ ಚುಚ್ಚುಮದ್ದು ದೇಶದ ಎಷ್ಟೋ ಊರುಗಳಲ್ಲಿ ಜಿಮ್ಮಿನ ಹುಡುಗರ ಕೈಗೆ ಸಿಗುತ್ತಿದೆ. ಇಂಥ ಮದ್ದು ಶಕ್ತಿ ಕೊಡುವುದಿಲ್ಲ, ದಣಿವನ್ನು ಮರೆಸುತ್ತದೆ. ದಣಿವು ಎಂದರೆ ದೇಹ ಬಡಿಯುವ ಗಂಟೆ. 1967ರ ಜುಲೈ 13ರಂದು ಬ್ರಿಟನ್ನಿನ ಸೈಕಲ್ ಸವಾರ ಟಾಮ್ ಸಿಂಪ್ಸನ್ ಮಾಂಟ್ ವೆಂಟೂ ಬೆಟ್ಟದ ಸುಡು ಬಿಸಿಲಲ್ಲಿ ಆಂಫೆಟಮಿನ್ ನುಂಗಿ ಏರುತ್ತಾ ಕುಸಿದು ಸತ್ತ. ವಯಸ್ಸು 29. ಬಳ್ಳಾರಿಯ ಏಪ್ರಿಲ್ ಬಿಸಿಲು ಗೊತ್ತಿರುವವರು ಈ ಸಾಲನ್ನು ಇನ್ನೊಮ್ಮೆ ಓದಬೇಕು.

"ಎಲ್ಲರಿಗೂ ಬಿಟ್ಟುಬಿಡಿ, ಆಗ ಸಮಾನವಾಗುತ್ತದೆ" ಎನ್ನುವ ಬುದ್ಧಿವಂತರೂ ಇದ್ದಾರೆ. ಅದು ಸುಳ್ಳು. 1997ರಲ್ಲಿ ಸೈಕಲ್ ಒಕ್ಕೂಟ ಸವಾರರ ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ ಶೇ. 50 ದಾಟಬಾರದು ಎಂದು ಮಿತಿ ಹಾಕಿತು. ಹುಟ್ಟಿನಿಂದ ಶೇ. 42 ಇದ್ದವನು ಇಪಿಒ ಚುಚ್ಚಿಕೊಂಡು ಎಂಟು ಅಂಶ ಏರಬಹುದು. ಶೇ. 48 ಇದ್ದವನಿಗೆ ಎರಡೇ ಅಂಶ. ಗೆಲ್ಲುವುದು ಒಳ್ಳೆಯ ಸವಾರನಲ್ಲ, ಮದ್ದಿಗೆ ಚೆನ್ನಾಗಿ ಒಗ್ಗುವ ಮೈ ಮತ್ತು ದುಡ್ಡಿರುವ ತಂಡ. ಬಿಟ್ಟುಬಿಟ್ಟರೆ ಮೊದಲು ಸೋಲುವವನು ನಮ್ಮ ಸಿರುಗುಪ್ಪದ ಹುಡುಗನೇ.

2024ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 7,113 ಮಾದರಿಗಳಲ್ಲಿ 260ರಲ್ಲಿ ಮದ್ದು ಸಿಕ್ಕಿತು. ಇಷ್ಟು ಪರೀಕ್ಷೆ ನಡೆಸುವ ದೊಡ್ಡ ದೇಶಗಳ ಪಟ್ಟಿಯಲ್ಲಿ ನಮ್ಮದೇ ಹೆಚ್ಚಿನ ಪ್ರಮಾಣ. ಅಷ್ಟೂ ಜನ ತಾವೇ ಮದ್ದು ತಯಾರಿಸಿ ತಾವೇ ಚುಚ್ಚಿಕೊಂಡರೆ? ಸಿಕ್ಕಿಬಿದ್ದವರು ಅಪ್ರಾಪ್ತರಾದರೆ ಸುತ್ತಲಿನವರ ತನಿಖೆಯೂ ಆಗಬೇಕೆಂದು ಜಾಗತಿಕ ಸಂಹಿತೆಯೇ ಹೇಳುತ್ತದೆ. ನಮ್ಮ 2022ರ ಕಾಯ್ದೆಯ ವ್ಯಾಪ್ತಿಗೆ ಕೋಚು, ವೈದ್ಯರೂ ಬರುತ್ತಾರೆ. ಕಾಗದದಲ್ಲಿ ಇರುವುದು ಮೈದಾನಕ್ಕೆ ಇಳಿಯಬೇಕು.

ನಾನು ಕೇಳುವುದು ಮೂರೇ. ವಯಸ್ಸು ಎಷ್ಟೇ ಇರಲಿ, ಪ್ರತಿ ಪ್ರಕರಣದಲ್ಲೂ ಕೋಚ್ ಮತ್ತು ವೈದ್ಯರ ತನಿಖೆ ನಡೆಯಲಿ. ತಪ್ಪು ರುಜುವಾತಾದರೆ ನಿಷೇಧದ ಪಟ್ಟಿಯಲ್ಲಿ ಅವರ ಹೆಸರೂ ಕ್ರೀಡಾಪಟುವಿನ ಹೆಸರಿನ ಪಕ್ಕದಲ್ಲೇ ಬರಲಿ. ಚೀಟಿ ಇಲ್ಲದೆ ಇಂಥ ಚುಚ್ಚುಮದ್ದು ಮಾರುವ ಅಂಗಡಿಯ ಲೈಸೆನ್ಸ್ ರದ್ದಾಗಲಿ. ಹುಡುಗನ ಮೂತ್ರವನ್ನು ದೆಹಲಿಯವರೆಗೆ ಕಳಿಸಿ ಪರೀಕ್ಷಿಸಬಲ್ಲ ದೇಶಕ್ಕೆ ಬಳ್ಳಾರಿಯ ಅಂಗಡಿಯ ಬಿಲ್ ಪುಸ್ತಕ ತೆಗೆದು ನೋಡುವುದು ಕಷ್ಟವೇನಲ್ಲ.