ಮಾಟದ ಆರೋಪಕ್ಕೆ ಪುರಾವೆ ಎಲ್ಲಿದೆ?

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಾಗಲಿ ಬೇರೆ ಯಾವ ಊರಲ್ಲಾಗಲಿ, ವ್ಯಾಪಾರ ಕುಸಿದಾಗ, ಮಗಳ ಸಂಬಂಧ ಮುರಿದಾಗ, ಮಗುವಿನ ಜ್ವರ ಇಳಿಯದಿದ್ದಾಗ 'ಯಾರೋ ಮಾಡಿಸಿದ್ದಾರೆ' ಎಂಬ ಪಿಸುಮಾತು ಏಳುವುದು ಹೊಸತಲ್ಲ. ತಾಯಿತ ಬರೆಯುವ ಆಮಿಲ್ 'ಹತ್ತಿರದವರೇ' ಎಂದುಬಿಟ್ಟರೆ ಸಾಕು, ಬೆರಳು ಓರಗಿತ್ತಿಯತ್ತ ಅಥವಾ ನೆರೆಮನೆಯ ವಿಧವೆಯತ್ತ ತಿರುಗುತ್ತದೆ. ಪುರಾವೆಯನ್ನು ಯಾರೂ ಕೇಳುವುದಿಲ್ಲ.

ಇಂಥ ಪಿಸುಮಾತಿಗೆ ಅಧಿಕಾರದ ಬಲ ದೊರೆತರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಇತಿಹಾಸವೇ ಸಾಕ್ಷಿ. ದೊರೆ ಆರನೆಯ ಜೇಮ್ಸ್ 1590ರಲ್ಲಿ ಡೆನ್ಮಾರ್ಕಿನಿಂದ ಪತ್ನಿಯೊಡನೆ ಮರಳುವಾಗ ಸಮುದ್ರದಲ್ಲಿ ಬಿರುಗಾಳಿ ಎದ್ದಿತು. ಅದು ಮಾಟಗಾರರ ಕೃತ್ಯವೆಂದು ಆಸ್ಥಾನ ನಂಬಿತು. ಜಾನ್ ಫಿಯಾನ್ ಎಂಬ ಶಾಲಾ ಉಪಾಧ್ಯಾಯನನ್ನು ಹಿಡಿದು, ಕಾಲು ಜಜ್ಜಿ, ತಪ್ಪೊಪ್ಪಿಗೆ ಪಡೆಯಲಾಯಿತು. ಆತ ಬಳಿಕ ಅದನ್ನು ನಿರಾಕರಿಸಿದಾಗ ಹಿಂಸೆ ಇನ್ನಷ್ಟು ಕ್ರೂರವಾಯಿತು. 1591ರಲ್ಲಿ ಎಡಿನ್‌ಬರೋದಲ್ಲಿ ಆತನ ಕೊರಳು ಬಿಗಿದು ಕೊಂದು ಸುಡಲಾಯಿತು. 1563ರಿಂದ 1736ರವರೆಗೆ ಜಾರಿಯಲ್ಲಿದ್ದ ಕಾನೂನಿನಡಿ ಆ ನಾಡಿನಲ್ಲಿ ಸುಮಾರು 3,800 ಮಂದಿ ಆರೋಪಕ್ಕೆ ಗುರಿಯಾದರು. ಅವರಲ್ಲಿ ಬಹುಪಾಲು ಮಹಿಳೆಯರು. 2022ರ ಮಾರ್ಚ್ 8ರಂದು ಅಲ್ಲಿನ ಸರಕಾರದ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಕ್ಷಮೆ ಯಾಚಿಸಿದರು. ಕೇಳಿಸಿಕೊಳ್ಳಲು ಫಿಯಾನ್ ಇರಲಿಲ್ಲ.

ಆ ಬಿರುಗಾಳಿಗೆ ಸುಮಾರು ಸಾವಿರ ವರ್ಷ ಮೊದಲು ಮದೀನಾದಲ್ಲಿ ಪ್ರವಾದಿ ಮುಹಮ್ಮದ್(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಜನರು ಎರಡಕ್ಕೂ ನಂಟು ಕಲ್ಪಿಸಿದರು. ಪುತ್ರಶೋಕದಲ್ಲಿದ್ದ ಪ್ರವಾದಿ(ಸ)ಯವರು, ಯಾರ ಹುಟ್ಟು ಸಾವುಗಳಿಗೂ ಗ್ರಹಣ ಸಂಭವಿಸುವುದಿಲ್ಲವೆಂದು ಆ ಮೌಢ್ಯವನ್ನು ಅಲ್ಲಿಯೇ ಅಳಿಸಿದರು. ನಾವು ಅನುಸರಿಸುತ್ತಿರುವುದು ಯಾರನ್ನು, ಪ್ರವಾದಿಯವರನ್ನೋ ಜೇಮ್ಸ್ ದೊರೆಯನ್ನೋ?

ಪವಿತ್ರ ಕುರ್‌ಆನ್‌ನಲ್ಲಿಯೇ ಸಿಹ್ರ್‌ನ ಪ್ರಸ್ತಾಪವಿದೆಯಲ್ಲ ಎನ್ನುವವರಿದ್ದಾರೆ. ಇದೆ. ಆದರೆ ಅಲ್ಲಾಹನ ಅನುಮತಿಯಿಲ್ಲದೆ ಅದು ಯಾರಿಗೂ ಹಾನಿ ಮಾಡಲಾರದೆಂದು ಅಲ್ ಬಕರ ಅಧ್ಯಾಯದ 102ನೆಯ ವಚನವೇ ಸ್ಪಷ್ಟಪಡಿಸುತ್ತದೆ. ಸುದ್ದಿ ತಂದವನ ಮಾತನ್ನು ಪರಿಶೀಲಿಸಬೇಕೆಂದೂ ಗುಮಾನಿಯಿಂದ ದೂರವಿರಬೇಕೆಂದೂ ಅಲ್ ಹುಜುರಾತ್ ಅಧ್ಯಾಯ ಆದೇಶಿಸುತ್ತದೆ. ಓರಗಿತ್ತಿಯನ್ನು ಅಪರಾಧಿಯೆಂದು ಸಾರುವ ಪರವಾನಿಗೆ ಯಾವ ಆಮಿಲ್‌ಗೂ ದೊರೆತಿಲ್ಲ.

ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ 2017ರ ಕಾಯ್ದೆಯಿದೆ; 2020ರ ಜನವರಿಯಲ್ಲಿ ಜಾರಿಗೆ ಬಂದ ಅದು ತಪ್ಪಿತಸ್ಥರಿಗೆ ಏಳು ವರ್ಷಗಳವರೆಗೂ ಸೆರೆವಾಸ ವಿಧಿಸಬಲ್ಲದು. ಆದರೆ ಪೊಲೀಸರು ಬರುವುದು ಹಲ್ಲೆ ನಡೆದ ಬಳಿಕ. ಮಾತು ಬಿಟ್ಟ ಅಣ್ಣತಮ್ಮಂದಿರನ್ನು, ತವರಿಗೆ ಅಟ್ಟಲ್ಪಟ್ಟ ಸೊಸೆಯನ್ನು ಯಾವ ಠಾಣೆಯೂ ಲೆಕ್ಕಕ್ಕಿಡುವುದಿಲ್ಲ. ಅಲ್ಲಿ ಮಧ್ಯಪ್ರವೇಶಿಸಬೇಕಾದವರು ಮಸೀದಿಯ ಜಮಾಅತ್ ಮತ್ತು ಇಮಾಮರು. ಆರೋಪ ಹೊರಿಸಿದವನನ್ನೇ ಮೊದಲು ಕರೆಸಿ ಪುರಾವೆ ಕೇಳಲಿ. ಜುಮಾ ಖುತ್ಬಾದಲ್ಲಿ ಈ ವಿಷಯ ಮೊಳಗಲಿ. ಜ್ವರ ಬಂದ ಮಗು ಆಸ್ಪತ್ರೆಗೆ ಹೋಗಲಿ. ಅದರ ಚಿಕ್ಕಮ್ಮ ಕಟಕಟೆಗೆ ಹೋಗುವುದು ಬೇಡ.